ಸೂಟು ಹಾಕಿಕೊಂಡ ಮೇಲೆ ಟ್ಯಾಕಲ್ ಮಾಡೋಕಾಗಲ್ಲ

2018ರ ಆಗಸ್ಟ್ 12. ವಾಷಿಂಗ್ಟನ್‌ನ ಆಡಿ ಫೀಲ್ಡ್ ಮೈದಾನ. ಡಿ.ಸಿ. ಯುನೈಟೆಡ್ 2, ಒರ್ಲ್ಯಾಂಡೊ ಸಿಟಿ 2. ತೊಂಬತ್ತು ನಿಮಿಷ ಮುಗಿದು, ರೆಫರಿ ಕೊಟ್ಟ ಹೆಚ್ಚುವರಿ ನಿಮಿಷಗಳೂ ಮುಗಿಯುವ ಹೊತ್ತು. ಹೇಗಾದರೂ ಗೆಲ್ಲಲೇಬೇಕು ಅಂತ ಡಿ.ಸಿ.ಯ ಗೋಲ್‌ಕೀಪರ್ ಕೂಡ ತನ್ನ ಗೋಲು ಬಿಟ್ಟು ಎದುರಾಳಿಯ ಗೋಲಿನ ಮುಂದೆ ಹೋಗಿ ನಿಂತಿದ್ದರು. ಚೆಂಡು ಆ ಗುಂಪಿನಿಂದ ಆಚೆ ಬಂತು. ಒರ್ಲ್ಯಾಂಡೊದ ವಿಲ್ ಜಾನ್ಸನ್ ಅದನ್ನು ಹಿಡಿದುಕೊಂಡು ಓಡಿದರು. ಮುಂದೆ ಯಾರೂ ಇಲ್ಲ. ಖಾಲಿ ಗೋಲು. ಮೆಲ್ಲಗೆ ತಳ್ಳಿದರೂ ಸಾಕಿತ್ತು.

ಹಿಂದಿನಿಂದ ಒಬ್ಬರು ಜೀವ ಬಿಟ್ಟು ಓಡಿ ಬಂದರು. ವಯಸ್ಸು 32, ಓಟಕ್ಕೆ ಹೆಸರಾದವರೇನೂ ಅಲ್ಲ. ನಡುಗೆರೆಯ ಹತ್ತಿರ ಜಾರಿ ಬಿದ್ದು ಚೆಂಡು ಕಿತ್ತುಕೊಂಡರು. ಎದ್ದರು, ನಾಲ್ಕು ಹೆಜ್ಜೆ ಮುಂದೆ ಹೋದರು, ತಲೆ ಎತ್ತಿ ನೋಡಿ ಚೆಂಡನ್ನು ಉದ್ದಕ್ಕೆ ಎತ್ತಿ ಒದ್ದರು. ಆ ತುದಿಯಲ್ಲಿ ತಂಡದ ಕುಳ್ಳ ಲೂಸಿಯಾನೊ ಅಕೋಸ್ಟಾ ಹಾರಿ ತಲೆ ಕೊಟ್ಟರು. 3-2. ಹತ್ತು ಸೆಕೆಂಡು ಚಿಲ್ಲರೆಯಲ್ಲಿ ಸೋಲು ಗೆಲುವಾಗಿತ್ತು. ಹಾಗೆ ಓಡಿ ಬಂದವರು ಇಂಗ್ಲೆಂಡಿನ ಸ್ಟಾರ್ ವೇಯ್ನ್ ರೂನಿ. ಆ ವಿಡಿಯೊ ನೋಡದ ಫುಟ್‌ಬಾಲ್ ಪ್ರೇಮಿ ಇರಲಿಕ್ಕಿಲ್ಲ.

ಅವರು ಬಂದಾಗ ಡಿ.ಸಿ. ಇಡೀ ಲೀಗ್‌ನಲ್ಲೇ ತಳದಲ್ಲಿತ್ತು. ಆ ವರ್ಷ ರೂನಿ 12 ಗೋಲು ಹೊಡೆದರು, ತಂಡ ಪ್ಲೇಆಫ್‌ಗೆ ಹೋಯಿತು. ನಾಲ್ಕು ವರ್ಷ ಬಿಟ್ಟು ತಂಡ ಮತ್ತೆ ತಳ ಮುಟ್ಟಿದಾಗ ಮಾಲೀಕರಿಗೆ ಯಾರ ನೆನಪಾಯಿತು ಅಂತ ಬೇರೆ ಹೇಳಬೇಕಾ? 2022ರ ಜುಲೈ 8ರಂದು ಡಿ.ಸಿ. ಫಿಲಡೆಲ್ಫಿಯಾ ಯೂನಿಯನ್ ಎದುರು 7-0 ಸೋತಿತು. ನಾಲ್ಕೇ ದಿನಕ್ಕೆ, ಜುಲೈ 12ರಂದು, ರೂನಿ ಹೊಸ ಕೋಚ್ ಅಂತ ಘೋಷಣೆಯಾಯಿತು. ಮೊದಲ ಪಂದ್ಯಕ್ಕೆ ಎದುರಾಳಿ ಯಾರು ಅಂದುಕೊಂಡಿರಿ? ಅದೇ ಒರ್ಲ್ಯಾಂಡೊ. ಅದೇ ಮೈದಾನ. ಕೊನೆ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 2-1 ಗೆಲುವು. ಕಥೆ ಬರೆಯುವವರಿಗೂ ಇಷ್ಟು ಚೆಂದ ಹೊಂದಿಸೋಕೆ ಆಗೋದಿಲ್ಲ.

ಆಮೇಲೆ ಕಥೆ ನಿಂತಿತು, ಲೆಕ್ಕ ಶುರುವಾಯಿತು. ಆ ಸೀಸನ್ ಮುಗಿದಾಗ ಡಿ.ಸಿ. 27 ಅಂಕ ಇಟ್ಟುಕೊಂಡು ಲೀಗ್‌ನ ಕೊನೆಯ ಸ್ಥಾನದಲ್ಲೇ ಇತ್ತು. ಮುಂದಿನ ವರ್ಷ ಸ್ವಲ್ಪ ಚೇತರಿಸಿಕೊಂಡು 40 ಅಂಕ ಗಳಿಸಿತು, ಪ್ಲೇಆಫ್ ಮಾತ್ರ ಸಿಗಲಿಲ್ಲ. 2023ರ ಅಕ್ಟೋಬರ್ 7ರಂದು ಕೊನೆಯ ಪಂದ್ಯ ಮುಗಿದ ರಾತ್ರಿಯೇ ರೂನಿ ಮತ್ತು ಕ್ಲಬ್ ಬೇರೆಯಾದರು. ಅವರ ಜಾಗಕ್ಕೆ ಬಂದವರು ಟ್ರಾಯ್ ಲೆಸೇನ್. ಯಾರಪ್ಪ ಇದು ಅಂತ ಕೇಳಿದರೆ ತಪ್ಪಲ್ಲ. ಆಟಗಾರನಾಗಿ ಅವರ ಹೆಸರು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಆಡುವ ರೂನಿ ತಂಡವನ್ನು ಎತ್ತಿದರು, ಆಡಿಸುವ ರೂನಿಗೆ ಅದು ಆಗಲಿಲ್ಲ. ಇದನ್ನು ಅವರೊಬ್ಬರ ಸೋಲು ಅಂತ ಬರೆದುಬಿಡೋದು ಸುಲಭ. ಆದರೆ ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ, ಅಂದರೆ ಎಂಎಲ್‌ಎಸ್‌ನಲ್ಲಿ, ಇದು ಹದಿನೈದು-ಇಪ್ಪತ್ತು ವರ್ಷದಿಂದ ಮತ್ತೆ ಮತ್ತೆ ನಡೆಯುತ್ತಿದೆ. ದೊಡ್ಡ ಹೆಸರು ಬರುತ್ತೆ, ಫೋಟೊ ತೆಗೆಸಿಕೊಳ್ಳುತ್ತೆ, ಒಂದೋ ಎರಡೋ ಸೀಸನ್ ಕಳೆದು ಹೋಗುತ್ತೆ. ಹಾಗಿದ್ದರೂ ಕ್ಲಬ್‌ಗಳು ಮತ್ತೆ ಅದೇ ಬಾಗಿಲು ತಟ್ಟುತ್ತವೆ. ಯಾಕೆ?

ಮೊದಲ ಕಾರಣ, ಅಲ್ಲಿ ಕೋಚ್ ನೇಮಕ ಅನ್ನೋದು ಬರೀ ಆಟದ ವಿಷಯ ಅಲ್ಲ. ಅಮೆರಿಕದಲ್ಲಿ ಸಾಕರ್‌ಗೆ ಪೈಪೋಟಿ ಕೊಡೋದು ಪಕ್ಕದೂರಿನ ಸಾಕರ್ ತಂಡವಲ್ಲ. ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್. ಊರಿನ ಪತ್ರಿಕೆಯ ಕ್ರೀಡಾ ಪುಟದಲ್ಲಿ ಅಂಗೈಯಗಲ ಜಾಗ ಸಿಗೋದೇ ಕಷ್ಟ. ಲೆಸೇನ್ ಹೆಸರಿಗೆ ಆ ಜಾಗ ಸಿಗಲ್ಲ, ರೂನಿ ಹೆಸರಿಗೆ ಸಿಗುತ್ತೆ. ಟಿಕೆಟ್, ಜಾಹೀರಾತು, ಯುರೋಪಿನಿಂದ ಆಟಗಾರರನ್ನು ಕರೆಸುವುದು, ಎಲ್ಲಕ್ಕೂ ಹೆಸರು ಬೇಕು. ಕ್ರಿಸ್ಟಿಯನ್ ಬೆಂಟೆಕೆಯಂಥ ಸ್ಟ್ರೈಕರ್ ಲೀಗ್‌ನ ಕೊನೆಯ ತಂಡಕ್ಕೆ ಬರಲು ಒಪ್ಪಿದ್ದರಲ್ಲಿ ಆ ಹೆಸರಿನ ಪಾಲೂ ಇದ್ದೀತು.

ಎರಡನೆಯದು ಇನ್ನೂ ಮುಖ್ಯ. ಎಂಎಲ್‌ಎಸ್‌ನಲ್ಲಿ ಕೊನೆಗೆ ಬಂದರೆ ಕೆಳಗಿನ ಲೀಗ್‌ಗೆ ಬೀಳುವ ಭಯ ಇಲ್ಲ. ಇಂಗ್ಲೆಂಡಿನಲ್ಲಿ ಒಂದು ತಪ್ಪು ಕೋಚ್ ಬಂದರೆ ಕ್ಲಬ್ಬಿಗೆ ಕೋಟಿ ಕೋಟಿ ಪೌಂಡ್ ಲುಕ್ಸಾನು. ಇಲ್ಲಿ? ಕೊನೆಗೆ ಬಂದ ತಂಡ ಮುಂದಿನ ವರ್ಷವೂ ಅದೇ ಲೀಗ್, ಅದೇ ಕುರ್ಚಿ. ಕ್ಲಬ್‌ನ ಬೆಲೆಯೂ ಇಳಿಯೋದಿಲ್ಲ. 2025ರಲ್ಲಿ 30ನೇ ತಂಡವಾಗಿ ಸೇರಿದ ಸ್ಯಾನ್ ಡಿಯೇಗೊ ಬರೀ ಪ್ರವೇಶಕ್ಕೇ 50 ಕೋಟಿ ಡಾಲರ್ ಕಟ್ಟಿದೆ. ಇಂಥ ಕಡೆ ಮಾಲೀಕನಿಗೆ ಹೆಸರಿನ ಮೇಲೆ ಜೂಜಾಡೋಕೆ ಧೈರ್ಯ ಜಾಸ್ತಿ. ಗೆದ್ದರೆ ಹಬ್ಬ. ಸೋತರೆ ಕೋಚ್ ಹೋಗುತ್ತಾರೆ, ಅಷ್ಟೇ.

ಈ ಜೂಜಿನ ಹಳೆಯ ಉದಾಹರಣೆ ರೂಡ್ ಗುಲ್ಲಿಟ್. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೆ ಬಂದವರ ಕಥೆಯೆಲ್ಲ ಅದರಲ್ಲೇ ಇದೆ.

2007ರಲ್ಲಿ ಡೇವಿಡ್ ಬೆಕಮ್ ಲಾಸ್ ಏಂಜಲೀಸ್ ಗ್ಯಾಲಕ್ಸಿಗೆ ಬಂದರು. ಅವರಿಗಾಗಿಯೇ ಲೀಗ್ ನಿಯಮ ಬದಲಾಗಿತ್ತು. ಆ ನವೆಂಬರ್‌ನಲ್ಲಿ ಗ್ಯಾಲಕ್ಸಿ ಗುಲ್ಲಿಟ್‌ರನ್ನು ಕೋಚ್ ಮಾಡಿತು. 1987ರ ಬ್ಯಾಲನ್ ಡಿ'ಓರ್ ಗೆದ್ದವರು, 1988ರಲ್ಲಿ ಯುರೋ ಕಪ್ ಎತ್ತಿದ ನೆದರ್ಲೆಂಡ್ಸ್ ನಾಯಕ. ಕೋಚ್ ಆಗಿಯೂ ಖಾಲಿ ಕೈಯವರಲ್ಲ. 1997ರಲ್ಲಿ ಚೆಲ್ಸಿಗೆ ಎಫ್‌ಎ ಕಪ್ ಗೆದ್ದುಕೊಟ್ಟಿದ್ದರು. ಬೆಕಮ್ ಪಕ್ಕದಲ್ಲಿ ನಿಲ್ಲಿಸೋಕೆ ಇದಕ್ಕಿಂತ ತೂಕದ ಹೆಸರು ಬೇಕಾ?

2008ರ ಆಗಸ್ಟ್ 11ಕ್ಕೆ ಅವರು ಮನೆಗೆ ಹೋದರು. ಒಂದು ಸೀಸನ್ ಕೂಡ ಪೂರ್ತಿಯಾಗಲಿಲ್ಲ. ಏಳು ಪಂದ್ಯ ಗೆಲುವಿನ ಮುಖ ನೋಡಿರಲಿಲ್ಲ. ಆ ವರ್ಷ 30 ಪಂದ್ಯಗಳಲ್ಲಿ ಗ್ಯಾಲಕ್ಸಿ 55 ಗೋಲು ಹೊಡೆಯಿತು, 62 ಬಿಟ್ಟುಕೊಟ್ಟಿತು. ಈ ಎರಡು ಸಂಖ್ಯೆ ನೋಡಿದರೆ ಸಾಕು, ರೋಗ ಗೊತ್ತಾಗುತ್ತೆ. ಮುಂದೆ ಬೆಕಮ್, ಲ್ಯಾಂಡನ್ ಡೊನೊವನ್. ಹಿಂದೆ ಅಗ್ಗಕ್ಕೆ ಸಿಕ್ಕ ಡಿಫೆಂಡರ್‌ಗಳು. ಯುರೋಪಿನ ಕೋಚ್ ಇದಕ್ಕೆ ಏನು ಮಾಡುತ್ತಾರೆ? ಜನವರಿಯಲ್ಲಿ ಇಬ್ಬರು ಒಳ್ಳೆ ಡಿಫೆಂಡರ್‌ಗಳನ್ನು ಕೊಳ್ಳುತ್ತಾರೆ. ಎಂಎಲ್‌ಎಸ್‌ನಲ್ಲಿ ದುಡ್ಡಿದ್ದರೂ ಹಾಗೆ ಕೊಳ್ಳುವ ಹಾಗಿಲ್ಲ.

ಅವರ ಜಾಗಕ್ಕೆ ಬಂದವರು ಬ್ರೂಸ್ ಅರೀನಾ. ಗೋಲ್‌ಕೀಪರ್ ಆಗಿ ಅಮೆರಿಕದ ಪರ ಆಡಿದ್ದು ಒಂದೇ ಒಂದು ಪಂದ್ಯ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕಾಲೇಜು ಹುಡುಗರಿಗೆ ವರ್ಷಗಟ್ಟಲೆ ಕೋಚಿಂಗ್ ಮಾಡಿದವರು. ಆಮೇಲೆ ಲೀಗ್ ಹುಟ್ಟಿದ ವರ್ಷವೇ ಡಿ.ಸಿ. ಯುನೈಟೆಡ್ ಹಿಡಿದು 1996, 1997ರ ಕಪ್ ಗೆದ್ದರು. 2002ರಲ್ಲಿ ಅಮೆರಿಕವನ್ನು ವಿಶ್ವಕಪ್ ಕ್ವಾರ್ಟರ್‌ಫೈನಲ್‌ವರೆಗೆ ಒಯ್ದರು. ಕಾಲೇಜಿನಿಂದ ಬರುವ ಯಾವ ಹುಡುಗ ಕಡಿಮೆ ಸಂಬಳಕ್ಕೆ ಗಟ್ಟಿಯಾಗಿ ನಿಲ್ಲುತ್ತಾನೆ, ಯಾವ ಕ್ಲಬ್‌ನಿಂದ ಏನು ಕೊಟ್ಟು ಏನು ತಗೋಬೇಕು, ಇದೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. 2009ರಲ್ಲೇ ಗ್ಯಾಲಕ್ಸಿ ಫೈನಲ್ ಆಡಿತು. 2011, 2012, 2014ರಲ್ಲಿ ಕಪ್ ಗೆದ್ದಿತು. ಆ ಬೆಕಮ್, ಆ ಡೊನೊವನ್ ಗುಲ್ಲಿಟ್‌ಗೂ ಇದ್ದರು. ಅರೀನಾ ಬದಲಾಯಿಸಿದ್ದು ಅವರ ಸುತ್ತ ನಿಲ್ಲುವವರನ್ನು.

ಈಗ ಆ ನಿಯಮಗಳಿಗೆ ಬರೋಣ. ಸ್ವಲ್ಪ ತಲೆನೋವಿನ ವಿಷಯ, ಆದರೆ ಇದು ಬಿಟ್ಟರೆ ಉಳಿದದ್ದು ಅರ್ಥವಾಗಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅನ್ನೋ ಹಾಗೆ, ಎಂಎಲ್‌ಎಸ್‌ಗೆ ಬಂದ ಯಾವ ಕೋಚೂ ಈ ನಿಯಮಪುಸ್ತಕದಿಂದ ತಪ್ಪಿಸಿಕೊಂಡಿಲ್ಲ.

ಈ ಲೀಗ್‌ನಲ್ಲಿ ಆಟಗಾರನ ಕರಾರು ಇರೋದು ಕ್ಲಬ್ ಜೊತೆಗಲ್ಲ, ಲೀಗ್ ಜೊತೆಗೆ. ಪ್ರತಿ ಕ್ಲಬ್ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ. 2025ರಲ್ಲಿ ಅದು 59.5 ಲಕ್ಷ ಡಾಲರ್, ಅದರಲ್ಲಿ 20 ಜನರವರೆಗೆ ಲೆಕ್ಕ ಕೂಡಿಸಬೇಕು. ಆ ವರ್ಷ ಒಬ್ಬ ಆಟಗಾರನ ಹೆಸರಿಗೆ ಈ ಲೆಕ್ಕದಲ್ಲಿ ಹೆಚ್ಚೆಂದರೆ 7,43,750 ಡಾಲರ್ ಬರೆಯಬಹುದಿತ್ತು. ಮೂರು ಜನಕ್ಕೆ ಮಾತ್ರ ವಿನಾಯಿತಿ. ಅವರಿಗೆ ಎಷ್ಟು ಬೇಕಾದರೂ ಕೊಡಿ, ಲೆಕ್ಕದಲ್ಲಿ ಆ ಮಿತಿಯ ಮೊತ್ತವನ್ನೇ ಬರೆಯಿರಿ. ಬೆಕಮ್‌ಗಾಗಿ ಬಂದ ನಿಯಮ ಇದೇ. ಲಿಯೋನೆಲ್ ಮೆಸ್ಸಿಗೆ 2025ರಲ್ಲಿ ಎರಡು ಕೋಟಿ ಡಾಲರ್‌ಗೂ ಜಾಸ್ತಿ ಸಿಕ್ಕಿತು, ಪುಸ್ತಕದಲ್ಲಿ ಇದ್ದದ್ದು ಏಳು ಲಕ್ಷ ಚಿಲ್ಲರೆ.

ಒಂದು ಲೆಕ್ಕ ಹಾಕಿ ನೋಡೋಣ. ಮೂರು ದೊಡ್ಡವರಿಗೆ 22,31,250 ಹೋಯಿತು. ಉಳಿದದ್ದು 37,18,750. ಇದನ್ನು 17 ಜನಕ್ಕೆ ಹಂಚಿದರೆ ತಲೆಗೆ 2,18,750 ಡಾಲರ್. ಅಂದರೆ ಕೋಟಿ ಡಾಲರ್ ಎಣಿಸುವ ಆಟಗಾರನಿಗೆ ಚೆಂಡು ಕೊಡಬೇಕಾದವನು ಎರಡು ಲಕ್ಷದವನು. ಗುಲ್ಲಿಟ್ ಕಾಲದಲ್ಲಿ ಈ ಅಂತರ ಇನ್ನೂ ಭೀಕರವಾಗಿತ್ತು.

ಇದರ ಮೇಲೆ ಅಲೊಕೇಶನ್ ಮನಿ ಅಂತ ಒಂದಿದೆ. ಲೀಗ್ ಪ್ರತಿ ಕ್ಲಬ್‌ಗೆ ಕೊಡೋದು, ಒಂಥರಾ ರೇಷನ್ ಕೂಪನ್. ದೊಡ್ಡ ಸಂಬಳದವನನ್ನು ಲೆಕ್ಕದಲ್ಲಿ ಸಣ್ಣದಾಗಿ ತೋರಿಸೋಕೆ ಇದನ್ನು ಬಳಸಬಹುದು. ಒಂದು ಬಗೆಯದನ್ನು ಬೇರೆ ಕ್ಲಬ್‌ಗೆ ಕೊಟ್ಟು ಆಟಗಾರನನ್ನೂ ತರಬಹುದು, ವಿದೇಶಿ ಆಟಗಾರನಿಗೆ ಬೇಕಾದ ಜಾಗವನ್ನೂ ಕೊಳ್ಳಬಹುದು. ಹೌದು, ವಿದೇಶಿಯರ ಜಾಗವೂ ಎಣಿಸಿಟ್ಟದ್ದೇ. ಹೊರದೇಶದ ಯಾವ ಆಟಗಾರನ ಮೇಲೆ ನಮಗೆ ಕಣ್ಣಿದೆ ಅಂತ ಕ್ಲಬ್‌ಗಳು ಮೊದಲೇ ಪಟ್ಟಿ ಕೊಟ್ಟಿರುತ್ತವೆ. ನಿಮಗೆ ಬೇಕಾದ ಹುಡುಗನ ಹೆಸರು ಬೇರೆ ಕ್ಲಬ್‌ನ ಪಟ್ಟಿಯಲ್ಲಿದ್ದರೆ ಅವರ ಹತ್ತಿರ ವ್ಯವಹಾರ ಮುಗಿಸಿಯೇ ಮುಂದೆ ಹೋಗಬೇಕು. ನಿಮ್ಮ ಫೋನಿನಲ್ಲಿ ಯುರೋಪಿನ ಎಲ್ಲ ಏಜೆಂಟ್‌ಗಳ ನಂಬರ್ ಇದ್ದರೂ ಅಷ್ಟಕ್ಕಷ್ಟೇ.

ರೂನಿಗೆ ಬಿಸಿ ಮುಟ್ಟಿದ್ದು ಇಲ್ಲೇ ಅಂತ ನನಗನ್ನಿಸುತ್ತೆ. ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್‌ನಲ್ಲಿ ತಮ್ಮ ಕೈಕೆಳಗೆ ಆಡಿದ್ದ ರಾವೆಲ್ ಮಾರಿಸನ್‌ರನ್ನು ಬಂದ ಕೂಡಲೇ ವಾಷಿಂಗ್ಟನ್‌ಗೆ ಕರೆಸಿಕೊಂಡರು. ಇಂಗ್ಲೆಂಡಿನಲ್ಲಿ ಇದು ಮಾಮೂಲು, ಗೊತ್ತಿರುವ ಹುಡುಗ, ಜೊತೆಗಿರಲಿ. ಮುಂದಿನ ಸೀಸನ್‌ನ ಪಟ್ಟಿ ಬಂದಾಗ ಮಾರಿಸನ್ ಹೆಸರೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ಆಟಗಾರ ಕೈಕೊಟ್ಟರೆ ಬೆಂಚಿನಲ್ಲಿ ಕೂರಿಸಿ ಮರೆತುಬಿಡಬಹುದು. ಎಂಎಲ್‌ಎಸ್‌ನಲ್ಲಿ ಅವನು ತಿನ್ನುವ ಜಾಗ ಇನ್ನೊಬ್ಬನ ಜಾಗ.

ನಿಯಮ ಮುರಿದರೆ ಏನಾಗುತ್ತೆ ಅನ್ನೋದಕ್ಕೆ ಇಂಟರ್ ಮಯಾಮಿ ಸಾಕ್ಷಿ. ಬೆಕಮ್ ಪಾಲುದಾರರಾದ ಕ್ಲಬ್. 2018ರ ವಿಶ್ವಕಪ್ ಗೆದ್ದ ಫ್ರಾನ್ಸ್‌ನ ಬ್ಲೇಸ್ ಮತುಯಿದಿಯನ್ನು 2020ರಲ್ಲಿ ಕರೆತಂದಾಗ ಸಂಬಳದ ಲೆಕ್ಕ ಸರಿಯಾಗಿ ತೋರಿಸಿರಲಿಲ್ಲ. 2021ರಲ್ಲಿ ಲೀಗ್ 20 ಲಕ್ಷ ಡಾಲರ್ ದಂಡ ಹಾಕಿತು. ಅದಕ್ಕಿಂತ ಉರಿ ತಂದದ್ದು ಇನ್ನೊಂದು ಶಿಕ್ಷೆ, 2022 ಮತ್ತು 2023ರ ಕೂಪನ್ ದುಡ್ಡಿನಲ್ಲಿ 22 ಲಕ್ಷ ಡಾಲರ್‌ಗೂ ಹೆಚ್ಚು ಕಡಿತ. ದಂಡ ಮಾಲೀಕರ ಜೇಬಿನಿಂದ ಹೋಗುತ್ತೆ. ಕಡಿತ ಕೋಚ್‌ನ ತಟ್ಟೆಯಿಂದ.

ಆ ತಟ್ಟೆ ಮುಂದೆ ಕೂತಿದ್ದವರು ಫಿಲ್ ನೆವಿಲ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಬೆಕಮ್ ಜೊತೆ ಬೆಳೆದ ಗೆಳೆಯ. ಗೆಳೆಯನಿಗೆ ಕೆಲಸ ಕೊಟ್ಟರು ಅಂತ ಎಲ್ಲರೂ ಆಡಿಕೊಂಡರು, ಅದರಲ್ಲಿ ಸತ್ಯವೂ ಇತ್ತು. ಆದರೆ ನೆವಿಲ್ ತೆಗೆದುಕೊಂಡದ್ದು ಬೇರೆಯವರು ಮಾಡಿದ ಸಾಲ. 2023ರ ಜೂನ್ 1ಕ್ಕೆ ಅವರನ್ನು ಕಳಿಸಿದರು. ಜೂನ್ 7ಕ್ಕೆ ಮೆಸ್ಸಿ ನಾನು ಮಯಾಮಿಗೆ ಬರ್ತೀನಿ ಅಂದರು. ಆರೇ ದಿನ! ಆಗಸ್ಟ್‌ನಲ್ಲಿ ಅದೇ ತಂಡ ಎಂಎಲ್‌ಎಸ್ ಮತ್ತು ಮೆಕ್ಸಿಕೊ ಕ್ಲಬ್‌ಗಳ ಲೀಗ್ಸ್ ಕಪ್ ಗೆದ್ದಾಗ ಕೋಚ್ ಆಗಿ ಬೆಂಚಿನಲ್ಲಿ ಇದ್ದವರು ಟಾಟಾ ಮಾರ್ಟಿನೊ.

ಉಳಿದ ತೊಂದರೆಗಳನ್ನು ಬೇಗ ಹೇಳಿಬಿಡುತ್ತೇನೆ. ದೂರ ಒಂದು. ಮಯಾಮಿಯಿಂದ ವ್ಯಾಂಕೂವರ್‌ಗೆ ಹತ್ತಿರ ಹತ್ತಿರ 4,500 ಕಿ.ಮೀ. ಇಂಗ್ಲೆಂಡಿನ ಕೋಚ್ ಹೊರ ಊರಿನ ಪಂದ್ಯ ಮುಗಿಸಿ ರಾತ್ರಿಯೇ ಮನೆ ಸೇರುತ್ತಾರೆ. ಇಲ್ಲಿ ಎರಡು ದಿನ ವಿಮಾನದಲ್ಲೇ ಕಳೆಯುತ್ತೆ. ಹವೆ ಇನ್ನೊಂದು. ಫೆಬ್ರವರಿಯ ಹಿಮದಲ್ಲಿ ಶುರುವಾಗುವ ಸೀಸನ್ ಜುಲೈನ ಟೆಕ್ಸಸ್ ಬಿಸಿಲು ದಾಟಿ ಡಿಸೆಂಬರ್‌ಗೆ ಮುಗಿಯುತ್ತೆ. 2027ರಿಂದ ಯುರೋಪಿನ ಕ್ಯಾಲೆಂಡರ್‌ಗೆ ಹೊಂದಿಕೊಳ್ಳುವ ತೀರ್ಮಾನ ಆಗಿದೆ. ಮೈದಾನಗಳ ಕಥೆ ಬೇರೆ. ಸಿಯಾಟಲ್‌ನಲ್ಲಿ ಪ್ಲಾಸ್ಟಿಕ್ ಹುಲ್ಲು, ಕೊಲರಾಡೊದಲ್ಲಿ ಉಸಿರು ಕಟ್ಟುವ ಎತ್ತರ, ನ್ಯೂಯಾರ್ಕ್ ಸಿಟಿ ತಂಡಕ್ಕೆ ಬೇಸ್‌ಬಾಲ್ ಮೈದಾನವೇ ಮನೆ.

ಆ ಬೇಸ್‌ಬಾಲ್ ಮೈದಾನಕ್ಕೆ 2016ರಲ್ಲಿ ಕೋಚ್ ಆಗಿ ಬಂದವರು ಫ್ರಾನ್ಸಿನ ಮಾಜಿ ಸ್ಟಾರ್ ಪ್ಯಾಟ್ರಿಕ್ ವಿಯೆರಾ. ಆ ಮೇ ತಿಂಗಳಲ್ಲಿ ಮನೆಯಂಗಳದಲ್ಲೇ ಪಕ್ಕದ ರೆಡ್ ಬುಲ್ಸ್ ಎದುರು 7-0 ಸೋತರು. ಬೇರೆ ಕಡೆಯಾಗಿದ್ದರೆ ಕೆಲಸ ಹೋಗುತ್ತಿತ್ತು. ವಿಯೆರಾ ಉಳಿದರು, ತಂಡ ಎರಡೂ ವರ್ಷ ಪೂರ್ವ ವಿಭಾಗದಲ್ಲಿ ಎರಡನೆಯದಾಯಿತು. 2018ರಲ್ಲಿ ಫ್ರಾನ್ಸಿನ ನೀಸ್ ಕ್ಲಬ್ ಅವರನ್ನು ಕರೆಯಿತು. ಇವರ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ವಿಯೆರಾ ನೇರವಾಗಿ ಬಂದವರಲ್ಲ. ಮ್ಯಾಂಚೆಸ್ಟರ್ ಸಿಟಿಯ ಎಳೆಯರ ತಂಡದಲ್ಲಿ ಕೋಚಿಂಗ್ ಕಲಿತವರು. ನ್ಯೂಯಾರ್ಕ್ ಸಿಟಿಯೂ ಅದೇ ಮಾಲೀಕರ ಕ್ಲಬ್. ಮೇಲಿನವರು, ಕೆಳಗಿನವರು, ಆಡುವ ರೀತಿ ಎಲ್ಲ ಪರಿಚಯ ಇತ್ತು.

ಅಟ್ಲಾಂಟಾ ಯುನೈಟೆಡ್ ಎರಡು ಸಲ ಕೈ ಸುಟ್ಟುಕೊಂಡಿತು. 2018ರ ಕಪ್ ಗೆದ್ದ ಮಾರ್ಟಿನೊ ಬಿಟ್ಟ ಜಾಗಕ್ಕೆ ನೆದರ್ಲೆಂಡ್ಸ್‌ನ ಮಾಜಿ ಸ್ಟಾರ್ ಫ್ರಾಂಕ್ ಡಿ ಬೋಯರ್ ಬಂದರು. 2019ರಲ್ಲಿ ಯುಎಸ್ ಓಪನ್ ಕಪ್ ಗೆದ್ದರೂ 2020ರ ಜುಲೈನಲ್ಲಿ ಒಂದೂ ಗೋಲಿಲ್ಲದೆ ಮೂರು ಪಂದ್ಯ ಸೋತು ಹೊರನಡೆದರು. ಆಮೇಲೆ ಬಂದ ಅರ್ಜೆಂಟೀನಾದ ಗೇಬ್ರಿಯಲ್ ಹೈನ್ಸೆ ಉಳಿದದ್ದು 13 ಲೀಗ್ ಪಂದ್ಯ. ಗೆದ್ದದ್ದು 2. ಫ್ರಾನ್ಸಿನ ಮಾಜಿ ಸ್ಟಾರ್ ಥಿಯರಿ ಹೆನ್ರಿಯದು ಬೇರೆಯೇ ದುರದೃಷ್ಟ. 2019ರ ಕೊನೆಗೆ ಎಂಎಲ್‌ಎಸ್‌ನ ಕೆನಡಾ ತಂಡ ಮಾಂಟ್ರಿಯಲ್ ಸೇರಿದರು. ಕೊರೊನಾ ಬಂತು, ಗಡಿ ಮುಚ್ಚಿತು. ತಂಡ ತನ್ನ ಮನೆ ಪಂದ್ಯಗಳನ್ನು ಗಡಿಯಾಚೆ ನ್ಯೂಜೆರ್ಸಿಯ ರೆಡ್ ಬುಲ್ ಅರೀನಾದಲ್ಲಿ ಆಡಬೇಕಾಯಿತು. ಆಟಗಾರನಾಗಿ ಹೆನ್ರಿ 2010ರಿಂದ 2014ರವರೆಗೆ ಕುಣಿದಾಡಿದ ಮೈದಾನ ಅದು. ಈಗ ಖಾಲಿ ಗ್ಯಾಲರಿ, ಬಾಡಿಗೆಯ ಬೆಂಚು. ಲಂಡನ್‌ನಲ್ಲಿದ್ದ ಮಕ್ಕಳನ್ನು ನೋಡಲಾಗದೆ 2021ರ ಫೆಬ್ರವರಿಯಲ್ಲಿ ಕೆಲಸ ಬಿಟ್ಟರು. ಇದನ್ನು ಸೋಲು ಅಂತ ಎಣಿಸೋಕೆ ನನಗೆ ಮನಸ್ಸಿಲ್ಲ.

ನಮಗೂ ಇದೇನು ಹೊಸದಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಶುರುವಾದ ಹೊಸದರಲ್ಲಿ ಗೋವಾಕ್ಕೆ ಜಿಕೊ, ಡೆಲ್ಲಿಗೆ ರಾಬರ್ಟೊ ಕಾರ್ಲೋಸ್, ಚೆನ್ನೈಗೆ ಮಾರ್ಕೊ ಮಟೆರಾಜಿ ಬಂದಿದ್ದರು. 2015ರಲ್ಲಿ ಮಟೆರಾಜಿ ಕಪ್ಪೂ ಗೆದ್ದರು. ಅದೇ ಕಾಲದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಶ್ಲಿ ವೆಸ್ಟ್‌ವುಡ್ ಎಂಬ ಅಷ್ಟೇನೂ ಸದ್ದು ಮಾಡದ ಹೆಸರಿನ ಜೊತೆ ಎರಡು ಐ-ಲೀಗ್ ಗೆದ್ದಿತು. ಆಮೇಲೆ 2018-19ರ ಐಎಸ್ಎಲ್ ಗೆದ್ದುಕೊಟ್ಟದ್ದು ಅದೇ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದ ಕಾರ್ಲೆಸ್ ಕ್ವಾಡ್ರಾಟ್. ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ಕೂಗಿದವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಾವಿಯರ್ ಮಸ್ಕೆರಾನೊ ಬಂದು ನನ್ನ ವಾದಕ್ಕೆ ಕಲ್ಲು ಹಾಕುತ್ತಾರೆ. ಅವರ ಕಥೆ ಹೇಳದೆ ಹೋದರೆ ಮೋಸವಾಗುತ್ತೆ.

2024ರಲ್ಲಿ ಮಾರ್ಟಿನೊ ಕೈಯಲ್ಲಿ ಮಯಾಮಿ 74 ಅಂಕ ಗಳಿಸಿ ಲೀಗ್ ದಾಖಲೆ ಮಾಡಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಅಟ್ಲಾಂಟಾ ಎದುರು ಮುಗ್ಗರಿಸಿತು. ಮಾರ್ಟಿನೊ ಹೋದರು. ನವೆಂಬರ್‌ನಲ್ಲಿ ಮಸ್ಕೆರಾನೊ ಬಂದರು. ಅರ್ಜೆಂಟೀನಾ ಪರ 147 ಪಂದ್ಯ, ಎರಡು ಒಲಿಂಪಿಕ್ ಚಿನ್ನ, ಬಾರ್ಸಿಲೋನಾದಲ್ಲಿ ಎಂಟು ವರ್ಷ. ಕೋಚಿಂಗ್ ಅನುಭವ ಅರ್ಜೆಂಟೀನಾದ ಹುಡುಗರ ತಂಡಗಳದ್ದು ಮಾತ್ರ. ಕ್ಲಬ್ ಒಂದನ್ನೂ ನಡೆಸಿರಲಿಲ್ಲ. ಇಲ್ಲಿ ಮೆಸ್ಸಿ, ಸೆರ್ಜಿಯೊ ಬುಸ್ಕೆಟ್ಸ್, ಜೋರ್ಡಿ ಆಲ್ಬಾ, ಲೂಯಿಸ್ ಸುವಾರೆಜ್, ನಾಲ್ಕೂ ಜನ ಬಾರ್ಸಾದ ಹಳೆ ಜೊತೆಗಾರರು. ಮೆಸ್ಸಿಯ ಗೆಳೆಯನಿಗೆ ಕುರ್ಚಿ ಕೊಟ್ಟರು ಅಂತ ಜನ ನಕ್ಕರು. ನಾನೂ ನಕ್ಕವನೇ.

ಮಸ್ಕೆರಾನೊ ಅಂದರೆ ಅರ್ಜೆಂಟೀನಾದವರಿಗೆ ನೆನಪಾಗುವುದೂ ಒಂದು ಟ್ಯಾಕಲ್. 2014ರ ವಿಶ್ವಕಪ್ ಸೆಮಿಫೈನಲ್, ಸಾವ್ ಪಾವ್ಲೊ. ತೊಂಬತ್ತನೇ ನಿಮಿಷದ ಆಸುಪಾಸು ನೆದರ್ಲೆಂಡ್ಸ್‌ನ ಅರ್ಯೆನ್ ರಾಬೆನ್ ಗೋಲಿನ ಬಾಯಿಗೆ ಬಂದಿದ್ದರು. ಎಲ್ಲಿಂದಲೋ ಜಾರಿ ಬಂದ ಮಸ್ಕೆರಾನೊ ಕಾಲು ಚಾಚಿ ತಡೆದರು. ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಗೆದ್ದು ಫೈನಲ್‌ಗೆ ಹೋಯಿತು. ರೂನಿಯ ಹಾಗೆ ಇವರೂ ಕೊನೆ ಕ್ಷಣದಲ್ಲಿ ಮೈಯೊಡ್ಡಿ ಪಂದ್ಯ ಉಳಿಸಿದವರು. ಕೋಚ್ ಆದ ಮೇಲೆ ಇವರಿಗೂ ಅದು ಆಗದ ಮಾತು.

2025ರ ಬಹುಪಾಲು ನಕ್ಕವರದ್ದೇ ಮೇಲುಗೈ. ಉತ್ತರ ಮತ್ತು ಮಧ್ಯ ಅಮೆರಿಕದ ಕ್ಲಬ್‌ಗಳ ಕಾಂಕಕ್ಯಾಫ್ ಚಾಂಪಿಯನ್ಸ್ ಕಪ್ ಸೆಮಿಫೈನಲ್‌ನಲ್ಲಿ ವ್ಯಾಂಕೂವರ್ ಎರಡು ಪಂದ್ಯ ಸೇರಿ 5-1 ಹೊಡೆದು ಕಳಿಸಿತು. ಕ್ಲಬ್ ವಿಶ್ವಕಪ್‌ನಲ್ಲಿ ಪೋರ್ಟೊ ತಂಡವನ್ನು ಸೋಲಿಸಿದ್ದು ನಿಜ, ಆಮೇಲೆ ಪ್ಯಾರಿಸ್‌ನ ಪಿಎಸ್‌ಜಿ ಎದುರು 4-0 ಸೋಲು. ಆಗಸ್ಟ್ 31ರ ಲೀಗ್ಸ್ ಕಪ್ ಫೈನಲ್‌ನಲ್ಲಿ ಸಿಯಾಟಲ್ 3-0 ಸೋಲಿಸಿತು. ಪಂದ್ಯ ಮುಗಿದ ಮೇಲಿನ ಜಗಳದಲ್ಲಿ ಸುವಾರೆಜ್ ಎದುರಾಳಿ ತಂಡದ ಸಿಬ್ಬಂದಿಯೊಬ್ಬರ ಮೇಲೆ ಉಗಿದು ಮಾನ ಕಳೆದರು. ತಂಡ ಮುದಿಯಾಗಿದೆ, ಕೋಚ್‌ಗೆ ಗೆಳೆಯರಿಗೆ ಹೇಳುವ ಧೈರ್ಯ ಇಲ್ಲ ಅನ್ನೋ ಮಾತು ಎಲ್ಲ ಕಡೆ.

ತಿರುವು ಬಂದದ್ದು ನವೆಂಬರ್‌ನಲ್ಲಿ, ಅದೂ ಸ್ವಲ್ಪ ಆಕಸ್ಮಿಕವಾಗಿ. ನ್ಯಾಶ್ವಿಲ್ ಎದುರು ಮೂರು ಪಂದ್ಯಗಳ ಪ್ಲೇಆಫ್ ಸುತ್ತು. ಎರಡನೆಯದರಲ್ಲಿ ಎದುರಾಳಿಯನ್ನು ಒದ್ದದ್ದಕ್ಕೆ ಸುವಾರೆಜ್‌ಗೆ ಮೂರನೆಯದಕ್ಕೆ ನಿಷೇಧ. ಅವರಿಲ್ಲದೆ ತಂಡ 4-0 ಗೆದ್ದಿತು. ಮುಂದಿನ ಪಂದ್ಯ ಸಿನ್ಸಿನಾಟಿ ಎದುರು. ಸುವಾರೆಜ್ ಲಭ್ಯ. ಈಗ ಏನು ಮಾಡುತ್ತಾರೆ? ಹಳೆ ಗೆಳೆಯ, ಮೆಸ್ಸಿಯ ಆಪ್ತ, ಪಕ್ಕದ ಮನೆಯವನಂಥವನು. ಮಸ್ಕೆರಾನೊ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಆಡಿಸಿದ್ದು 19 ವರ್ಷದ ಮಟೇಯೊ ಸಿಲ್ವೆಟಿಯನ್ನು. ಮತ್ತೆ 4-0, ಹುಡುಗನೂ ಒಂದು ಗೋಲು ಹೊಡೆದ. ನ್ಯೂಯಾರ್ಕ್ ಸಿಟಿ ಎದುರು 5-1, ಟಡೇಯೊ ಅಯೆಂಡೆ ಮೂರು ಗೋಲು. ಡಿಸೆಂಬರ್ 6ರ ಫೈನಲ್‌ನಲ್ಲಿ ಅದೇ ವ್ಯಾಂಕೂವರ್ ಎದುರು 3-1. ನಮಗಿಲ್ಲಿ ರಾತ್ರಿ ಒಂದು ಗಂಟೆಗೆ ಶುರುವಾದ ಪಂದ್ಯ. ಸುವಾರೆಜ್ ಆರಂಭದ ಹನ್ನೊಂದರಲ್ಲಿ ಅವತ್ತೂ ಇರಲಿಲ್ಲ.

1996ರಿಂದ 2024ರವರೆಗೆ ಎಂಎಲ್‌ಎಸ್ ಕಪ್ ಗೆದ್ದ ಕೋಚ್‌ಗಳ ಪಟ್ಟಿ ಹರಡಿಕೊಂಡು ನೋಡಿದೆ. ವಿಶ್ವಕಪ್ ಫೈನಲ್ ಆಡಿದ ಒಬ್ಬರೂ ಅದರಲ್ಲಿ ಇಲ್ಲ. ಮಸ್ಕೆರಾನೊ ಮೊದಲಿಗರು. ಹಾಗಾದರೆ ಸ್ಟಾರ್ ಕೋಚ್ ಗೆದ್ದೇ ಬಿಟ್ಟರಲ್ಲ?

ನಾನು ಅದನ್ನು ಹೀಗೆ ನೋಡುತ್ತೇನೆ. ಸುವಾರೆಜ್‌ರನ್ನು ಬೆಂಚಿಗೆ ಕಳಿಸಬೇಕು ಅಂತ ಯಾವ ಕೋಚ್‌ಗೂ ಹೊಳೆಯುತ್ತಿತ್ತು. ಬೀದಿಯ ಅಭಿಮಾನಿಗೂ ಹೊಳೆದಿತ್ತು. ಅದನ್ನು ಮಾಡಿ, ಡ್ರೆಸ್ಸಿಂಗ್ ರೂಮಿನಲ್ಲಿ ಬೆಂಕಿ ಬೀಳದ ಹಾಗೆ ನೋಡಿಕೊಳ್ಳೋದು ಎಷ್ಟು ಜನಕ್ಕೆ ಆಗುತ್ತೆ? ಟ್ರಾಯ್ ಲೆಸೇನ್‌ಗೆ ಆಗುತ್ತಿತ್ತಾ? 2015ರಲ್ಲಿ ಅವರ ಜೊತೆಗೇ ಚಾಂಪಿಯನ್ಸ್ ಲೀಗ್ ಗೆದ್ದವನು ಹೇಳಿದಾಗ ಆ ಮಾತಿಗೆ ಬೇರೆ ತೂಕ. ಮಸ್ಕೆರಾನೊ ಹೆಸರು ಬೆಲೆ ಬಾಳಿದ್ದು ಟಿಕೆಟ್ ಕೌಂಟರ್‌ನಲ್ಲಿ ಅಲ್ಲ, ಆ ಕೋಣೆಯಲ್ಲಿ. ಬೇರೆ ಯಾವ ಎಂಎಲ್‌ಎಸ್ ಕ್ಲಬ್‌ನಲ್ಲೂ ಅಂಥ ಕೋಣೆ ಇರಲಿಲ್ಲ. ರೂನಿಗೆ ವಾಷಿಂಗ್ಟನ್‌ನಲ್ಲಿ ಸಿಕ್ಕದ್ದು ತಮ್ಮನ್ನು ಟಿವಿಯಲ್ಲಿ ನೋಡಿ ಬೆಳೆದ ಹುಡುಗರು. ಅವರಿಗೆ ಬೇಕಿದ್ದದ್ದು ಮೇಷ್ಟ್ರು.

ಇನ್ನೊಂದು, ಲೆಕ್ಕದ ಪುಸ್ತಕವನ್ನು ಮಸ್ಕೆರಾನೊ ಮುಟ್ಟಬೇಕಾಗಿರಲಿಲ್ಲ. 2025ರ ಮಧ್ಯದಲ್ಲಿ ರೋಡ್ರಿಗೊ ಡಿ ಪೌಲ್ ಬೇಕು ಅಂದಾಗ ಮಯಾಮಿಯ ಮೂರು ವಿನಾಯಿತಿ ಜಾಗಗಳೂ ಭರ್ತಿ. ಆಫೀಸಿನವರು ಅಟ್ಲೆಟಿಕೊ ಮ್ಯಾಡ್ರಿಡ್‌ನಿಂದ ಅವರನ್ನು ಮೊದಲು ಲೋನ್ ಮೇಲೆ ತಂದು, ಕೂಪನ್ ದುಡ್ಡಿನಲ್ಲಿ ಲೆಕ್ಕ ಹೊಂದಿಸಿದರು. 2020ರಲ್ಲಿ ಪುಸ್ತಕ ತಪ್ಪಾಗಿ ಬರೆದು ದಂಡ ಕಟ್ಟಿದ್ದ ಅದೇ ಕ್ಲಬ್! ಏಟು ತಿಂದೇ ಕಲಿತದ್ದು. ಫೈನಲ್‌ನಲ್ಲಿ ಎರಡನೇ ಗೋಲು ಹೊಡೆದದ್ದು ಇದೇ ಡಿ ಪೌಲ್.

ಹಾಗಾಗಿ ಮುಂದಿನ ಸಲ ಯಾವುದೋ ಅಮೆರಿಕದ ಕ್ಲಬ್ ಯಾರೋ ದೊಡ್ಡ ಆಟಗಾರನ ಕೈಗೆ ಸ್ಕಾರ್ಫ್ ಕೊಟ್ಟು ಫೋಟೊ ಹಾಕಿದಾಗ ನಾನು ಅವರ ಗೋಲುಗಳ ವಿಡಿಯೊ ಹುಡುಕೋದಿಲ್ಲ. ಅವರ ಪಕ್ಕದ ಸಹಾಯಕ ಕೋಚ್ ಈ ಲೀಗ್‌ನಲ್ಲಿ ಎಷ್ಟು ವರ್ಷ ಇದ್ದಾರೆ, ಆಟಗಾರರನ್ನು ಆರಿಸುವವರು ಯಾರು, ಇದಕ್ಕೂ ಮುಂಚೆ ಇವರು ಯಾವ ಎಳೆಯರ ತಂಡದ ಜೊತೆ ಮಳೆಯಲ್ಲಿ ನಿಂತಿದ್ದರು, ಇಷ್ಟು ನೋಡುತ್ತೇನೆ.

ಅದಕ್ಕೇ ಈಗ ನನ್ನ ಕಣ್ಣು ನ್ಯೂಯಾರ್ಕ್ ರೆಡ್ ಬುಲ್ಸ್ ಮೇಲಿದೆ. ಹೆಸರಿನ ಹುಚ್ಚು ಮೊದಲು ಹಿಡಿದದ್ದು ಈ ಕ್ಲಬ್‌ಗೇ. ಮೆಟ್ರೊಸ್ಟಾರ್ಸ್ ಅಂತ ಕರೆಯುತ್ತಿದ್ದ ಕಾಲದಲ್ಲಿ, 1997ರಲ್ಲಿ, ಬ್ರೆಜಿಲ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಕಾರ್ಲೋಸ್ ಅಲ್ಬರ್ಟೊ ಪರೇರಾ ಇಲ್ಲಿ ಕೋಚ್ ಆಗಿದ್ದರು. ಅವರಿಂದಲೂ ಏನೂ ಆಗಲಿಲ್ಲ. 2025ರಲ್ಲಿ ಹದಿನೈದು ವರ್ಷಗಳಲ್ಲಿ ಮೊದಲ ಸಲ ಪ್ಲೇಆಫ್ ತಪ್ಪಿಸಿಕೊಂಡ ಮೇಲೆ ಡಿಸೆಂಬರ್‌ನಲ್ಲಿ ಮೈಕಲ್ ಬ್ರಾಡ್ಲಿಯನ್ನು ಕೋಚ್ ಮಾಡಿದರು. ಅಮೆರಿಕದ ಪರ 151 ಪಂದ್ಯ ಆಡಿದ ಮಾಜಿ ನಾಯಕ, ಇಟಲಿಯ ರೋಮಾದಲ್ಲಿ ಆಡಿದವರು. ಅವರೂ ಸ್ಟಾರೇ. ಆದರೆ ಬಂದ ದಾರಿ ಬೇರೆ. 2025ರಲ್ಲಿ ಇದೇ ಕ್ಲಬ್‌ನ ಎರಡನೇ ತಂಡದ ಹುಡುಗರನ್ನು ಹಿಡಿದು ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಕಪ್ ಗೆದ್ದರು. ಮೇಲಿನ ತಂಡಕ್ಕೆ ಬಂದದ್ದು ಆಮೇಲೆ. ಹದಿಹರೆಯದಲ್ಲಿ ಅವರು ಆಟಗಾರನಾಗಿ ಮೊದಲು ಸೇರಿದ್ದೂ ಇದೇ ಮೆಟ್ರೊಸ್ಟಾರ್ಸ್. ಆಗ ಕೋಚ್ ಆಗಿದ್ದವರು ಅವರ ಅಪ್ಪ ಬಾಬ್ ಬ್ರಾಡ್ಲಿ, 1998ರಲ್ಲಿ ಶಿಕಾಗೊ ಫೈರ್‌ಗೆ ಎಂಎಲ್‌ಎಸ್ ಕಪ್ ಗೆದ್ದುಕೊಟ್ಟವರು. ಈ ಲೀಗ್‌ನ ಕೂಪನ್ ಲೆಕ್ಕ ಆ ಮನೆಯಲ್ಲಿ ಊಟದ ಮೇಜಿನ ಮೇಲೇ ನಡೆದಿರಬೇಕು.